ಗುಲಾಬಿ ಹೊಟ್ಟೆಯ ಮುನಿಯ

ಒಂಬತ್ತು ದಿನದಲ್ಲಿ ಮೂರನೆಯ ಸಲ ವಸಂತ ಮೇಷ್ಟರ ಹಕ್ಕಿ ವಾಪಸ್ ಬಂದಿತ್ತು. ಹಕ್ಕಿಯಲ್ಲ, 'ಗುಲಾಬಿ ಹೊಟ್ಟೆಯ ಮುನಿಯ' ಎಂದು ಹೆಸರಿಟ್ಟು ಕಳಿಸಿದ್ದ ಅದರ ಫೋಟೋ. ಹಕ್ಕಿಗಳನ್ನು ಗುರುತಿಸಿ ಪಟ್ಟಿ ಮಾಡುವ ಆಪ್‌ನಲ್ಲಿ ಈ ಭಾಗದ ದಾಖಲೆ ಪರಿಶೀಲಿಸಿ ಒಪ್ಪುವವರು ಸೊರಬದ ಗುರುಪ್ರಕಾಶ್. ಈ ಸಲ ಅವರು ಫೋನನ್ನೇ ಮಾಡಿದರು.

"ಬೇಜಾರ್ ಮಾಡ್ಕೋಬೇಡ್ರಿ ಸರ್. ಕೊಕ್ಕು, ಬಾಲ ಎಲ್ಲಾ ಬಿಳಿ ಬೆನ್ನಿನ ಮುನಿಯದ್ದೇ. ಹೊಟ್ಟೆ ಬೆಳ್ಳಗಿರ್ಬೇಕು, ಗುಲಾಬಿ ಎಲ್ಲಿಂದ ಬಂತು? ಮೊಬೈಲಲ್ಲಿ ಬಣ್ಣ ಏನಾದ್ರೂ ಹೆಚ್ಚು ಮಾಡಿದ್ರಾ?"

ವಸಂತನಿಗೆ ಮೈ ಉರಿಯಿತು. ಹದಿನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದವನು, ಯಾರಿಗೂ ಅರ್ಧ ಮಾರ್ಕು ಹೆಚ್ಚು ಹಾಕಿದವನಲ್ಲ. ಅವನು ಹಕ್ಕಿಗೆ ಬಣ್ಣ ಬಳಿಯುತ್ತಾನೆಯೇ? ಸ್ಟಾಫ್ ರೂಮಿನಲ್ಲಿ ಆಗಲೇ 'ಪೇಂಟರ್ ಮೇಷ್ಟ್ರು' ಎಂಬ ಹೆಸರು ಬಿದ್ದಿತ್ತು. ತಾನು ಸುಳ್ಳುಗಾರನಲ್ಲ ಎಂದು ತೋರಿಸಲು ಅಂಥದೇ ಇನ್ನಷ್ಟು ಹಕ್ಕಿ ಬೇಕಿತ್ತು. ಅಂಬ್ಲಿಗೊಳದ ದಂಡೆ, ಉಡುತಡಿಯ ಹೊಲಗಳು, ಎಲ್ಲ ಅಲೆದ. ಪುಸ್ತಕ ತರಿಸಿದ. ದೂರದ ತಜ್ಞರಿಗೆ ಬರೆದ. ಮನೆ ಹಿತ್ತಲ ಬೇಲಿ ಬಿಟ್ಟರೆ ಆ ಹಕ್ಕಿ ಎಲ್ಲೂ ಕಾಣಲಿಲ್ಲ.

"ಏನ್ ಹುಡುಕ್ತೀಯೋ ವಾರದಿಂದ?" ಎಂದು ತಾಯಿ ಮಾಸ್ತಮ್ಮ ಕೇಳಿದಳು.

"ನಿಂಗೆ ತಿಳಿಯಲ್ಲ, ಬಿಡವ್ವ."

ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲ ಮರೆಯಲ್ಲಿ ಕ್ಯಾಮೆರಾ ಹಿಡಿದು ಕೂತ. ಮಾಸ್ತಮ್ಮ ನಲ್ಲಿಯ ಬಳಿ ಬೇಸನ್ನಿನಲ್ಲಿ ಏನನ್ನೋ ತಿಕ್ಕಿ ತಿಕ್ಕಿ ತೊಳೆದು, ನೀರನ್ನು ಗುಂಡಿಗೆ ಚೆಲ್ಲಿ ಆಚೆ ಸರಿದಳು. ಬೇಲಿಯಿಂದ ಐದಾರು ಮುನಿಯ ಇಳಿದವು. ಗುಂಡಿಯಲ್ಲಿ ಹೊಟ್ಟೆ ಅದ್ದಿ, ರೆಕ್ಕೆ ಬಡಿದು ಮಿಂದವು. ನೀರು ಗುಲಾಬಿಯಾಗಿತ್ತು.

"ಅವ್ವಾ! ಏನದು?"

"ಬಿತ್ತಿ ಉಳಿದ ಮೆಕ್ಕೆಜೋಳದ ಬೀಜ ಕಣೋ, ಹುಳ ಹಿಡೀದಂಗೆ ಕೆಂಪು ಔಷಧಿ ಹಚ್ಚಿರ್ತಾರಲ್ಲ, ಅದು. ದಿನಾ ಒಂದಿಷ್ಟು ತೊಳ್ದು ಕೋಳಿಗೆ ಹಾಕ್ತೀನಿ. ಬಣ್ಣ ಹೋದ್ರೆ ಔಷಧಿನೂ ಹೋದಂಗೆ."

"ಹೋಗಲ್ಲವ್ವ, ವಿಷ ಅದು!" ಬೇಸನ್ ಕಸಿದುಕೊಂಡ. ಗುಂಡಿಗೆ ಮಣ್ಣೆಳೆದ. ಆಮೇಲೆ ಕೇಳಿದ, "ಈ ಹಕ್ಕಿ ಇದ್ರಾಗೆ ಬೀಳೋದು ನೋಡಿದ್ಯಾ?"

"ದಿನಾ ನೋಡ್ತೀನಿ. ಬೆಳ್ಳಗೆ ಬರ್ತಾವೆ, ಕೆಂಪಗೆ ಹೋಗ್ತಾವೆ. ನೀನೇನಾದ್ರೂ ಕೇಳಿದ್ಯಾ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಇಷ್ಟು ದಿನ ಗುರುಪ್ರಕಾಶರ ಮೇಲೆ ಉರಿದ ಸಿಟ್ಟು ತಿರುಗಿ ಅವನನ್ನೇ ಸುಟ್ಟಿತು. ಆಪ್ ತೆರೆದು ಹಕ್ಕಿಯ ಹೆಸರು ತಿದ್ದಿದ: ಬಿಳಿ ಬೆನ್ನಿನ ಮುನಿಯ. 'ಗುರುತಿಸಿದವರು' ಎಂಬಲ್ಲಿ ತನ್ನ ಹೆಸರಿತ್ತು. ಅದನ್ನು ಅಳಿಸಿ ಬರೆದ: ಮಾಸ್ತಮ್ಮ.