ಹೆಬ್ಬಾಗಿಲು ದಾಟಿದ ಪಲ್ಲಕ್ಕಿ

ಬೆಳಿಗ್ಗೆ ಒಂಬತ್ತು ಗಂಟೆ. ಚೀನಾದ ಶಾನ್ಸಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ಹೌ ಮನೆತನದ ಅಂಗಳದಲ್ಲಿ ನನ್ನನ್ನು ಇಳಿಸಿದರು. ಇಳಿಸಿದ ಕೂಡಲೇ ಹೆಬ್ಬಾಗಿಲಿಗೆ ಅಗಳಿ ಬಿತ್ತು.

ನಾನು ಮದುವೆಯ ಪಲ್ಲಕ್ಕಿ. ಹುಟ್ಟಿದ್ದು 1931ರಲ್ಲಿ. ನನ್ನ ಮೊದಲ ಯಜಮಾನ ಒಬ್ಬ ಜಮೀನ್ದಾರ. ನನ್ನನ್ನು ಬಾಡಿಗೆಗೆ ಬಿಡುತ್ತಿದ್ದ. ಗಂಡನ ಮುಖವನ್ನೇ ಕಾಣದ ಎಷ್ಟೋ ಹುಡುಗಿಯರು ನನ್ನೊಳಗೆ ಕುಳಿತು ಅತ್ತಿದ್ದಾರೆ. ಕ್ರಾಂತಿ ಬಂದು ಜಮೀನ್ದಾರನ ಆಸ್ತಿ ಹಂಚಿದಾಗ ನಾನು ಊರಿನ ಮಹಿಳಾ ಸಂಘದ ಪಾಲಾದೆ.

1950ರ ಮೇ ತಿಂಗಳಲ್ಲಿ ಹೊಸ ವಿವಾಹ ಕಾನೂನು ಜಾರಿಗೆ ಬಂತು. ವಿಧವೆಯ ಮರುಮದುವೆಗೆ ಇನ್ನು ಯಾರೂ ಅಡ್ಡ ಬರುವಂತಿರಲಿಲ್ಲ. ಹೌ ಮನೆಯ ವಿಧವೆ ಸೊಸೆ ಚ್ಯೂಲಾನ್, ಪಕ್ಕದ ಹಳ್ಳಿಯಲ್ಲಿ ಟೋಫು ಮಾಡಿ ಮಾರುವ ತ್ಯೆಶೆಂಗ್‌ನನ್ನು ಮೆಚ್ಚಿ, ಸರ್ಕಾರಿ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿದಳು. ಅವಳನ್ನು ಗಂಡನ ಮನೆಗೆ ಒಯ್ಯಲು ನಾನು ಬಂದಿದ್ದೆ.

ಅಗಳಿ ಹಾಕಿದವನು ಅವಳ ಮಾವನ ತಮ್ಮ, ಮನೆತನದ ಹಿರಿಯ. ಆ ಸೀಮೆಯಲ್ಲಿ ಮರುಮದುವೆಯಾಗುವ ವಿಧವೆ ಹೆಬ್ಬಾಗಿಲು ದಾಟುವಂತಿಲ್ಲ. ಹಿಂದಿನ ಗೋಡೆ ಒಡೆದು ಮಾಡಿದ ಕಂಡಿಯಲ್ಲಿ ನುಸುಳಿ, ನಡೆದೇ ಹೋಗಬೇಕು.

"ಕಾನೂನು ಇರೋದು ಮದುವೆಗೆ, ನಮ್ಮ ಬಾಗಿಲಿಗಲ್ಲ," ಎಂದ.

"ನಾನೇನು ಕಳ್ಳಿಯಾ, ಚಿಕ್ಕಮಾವ?" ಎಂದಳು ಚ್ಯೂಲಾನ್. "ಹೋದರೆ ಈ ಬಾಗಿಲಿಂದಲೇ. ಇಲ್ಲಾಂದ್ರೆ ಹೋಗೋದೇ ಇಲ್ಲ."

ಸಂಘದ ಅಧ್ಯಕ್ಷೆ ಕಚೇರಿಯವರನ್ನು ಕರೆಸುತ್ತೇನೆಂದಳು.

"ಕರೆಸಿ. ಅವರು ಬರೋ ಹೊತ್ತಿಗೆ ಗಂಡನ ಮನೆ ಸೇರೋ ಮುಹೂರ್ತ ಮೀರಿರುತ್ತೆ."

ಚ್ಯೂಲಾನಳ ಮುಖ ಬಾಡಿತು. ಆಗ ಅವಳ ಅತ್ತೆ, ಅವಳೂ ವಿಧವೆಯೇ, ಬಾಲ್ಯದಲ್ಲಿ ಕಟ್ಟಿ ಕುಗ್ಗಿಸಿದ ಪುಟ್ಟ ಪಾದಗಳನ್ನು ಎತ್ತಿಡುತ್ತಾ ಬಂದು, ನನ್ನ ಪರದೆ ಸರಿಸಿ ಒಳಗೆ ಕುಳಿತೇಬಿಟ್ಟಳು.

"ಬಾರೇ ಮಗಳೇ, ಪಕ್ಕದಲ್ಲಿ ಕೂತ್ಕೋ. ಮೈದುನ, ಅಗಳಿ ತೆಗಿ. ಇಲ್ಲಾ, ಅಣ್ಣನ ಹೆಂಡ್ತಿ ಕೈ ಹಿಡಿದು ಇಳಿಸ್ತೀಯಾ?"

ಅಣ್ಣನ ಹೆಂಡತಿ ತಾಯಿಯ ಸಮ; ಮರುಮದುವೆಯಾಗದ ಅವಳಿಗೆ ಹೆಬ್ಬಾಗಿಲು ಮುಚ್ಚುವಂತಿರಲಿಲ್ಲ. ಅವಳನ್ನು ಮುಟ್ಟಿದರೆ ಹಿರಿಯನ ಮಾನ ಊರೆಲ್ಲ ಹರಾಜಾಗುತ್ತಿತ್ತು.

"ಅತ್ತಿಗೆ, ಇದೆಂಥಾ ಹುಚ್ಚು!"

"ಹುಚ್ಚಲ್ಲಪ್ಪ, ಇನ್ನೊಂದು ಸಲ ಪಲ್ಲಕ್ಕಿ ಏರೋ ಆಸೆ!"

ಅಂಗಳವೆಲ್ಲ ನಕ್ಕಿತು. ಅಗಳಿ ಸರಿಯಿತು.

"ಮದುಮಗಳು ಯಾರು ಅಂತ ಹೇಳಿಬಿಡಿ, ದಾರಿಯಲ್ಲಿ ಕೇಳ್ತಾರೆ," ಎಂದ ಹೊರುವವರಲ್ಲೊಬ್ಬ.

"ಇಬ್ಬರಲ್ಲಿ ಚೆಂದ ಇರೋಳು ಅನ್ನು," ಎಂದಳು ಅತ್ತೆ.

ನನ್ನ ಕೀಲುಗಳೆಲ್ಲ ಕಿರುಗುಟ್ಟಿದವು. ಒಳಗಿದ್ದ ಇಬ್ಬರೂ ಊರು ದಾಟುವವರೆಗೆ ನಗುತ್ತಲೇ ಇದ್ದರು.

ಮದುಮಗಳನ್ನು ಸೈಕಲ್ಲಿನಲ್ಲಿ ಕರೆದೊಯ್ಯುವ ಕಾಲ ಬಂದ ಮೇಲೆ ಸಂಘದವರು ನನ್ನನ್ನು ಚ್ಯೂಲಾನ್‌ಗೆ ಕೊಟ್ಟರು. ಈಗ ಅವಳ ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ಕೋಳಿಗಳು ನನ್ನೊಳಗೆ ಮೊಟ್ಟೆಯಿಡುತ್ತವೆ. ಸರ್ಕಾರದ ಕಾನೂನು ಆ ಅಂಗಳದವರೆಗೂ ಬಂದಿತ್ತು, ನಿಜ. ಬಾಗಿಲು ತೆರೆಸಿದ್ದು ಮಾತ್ರ ಅತ್ತೆ.

ಮದುವೆಯ ಮೂರನೆಯ ದಿನ ತ್ಯೆಶೆಂಗ್ ಕತ್ತೆಗಾಡಿ ಹೂಡಿಕೊಂಡು ಹೌ ಮನೆಗೆ ಹೋದ. ಹಿಂದಿರುಗದೆ ಚ್ಯೂಲಾನ್ ಬಳಿಯೇ ಉಳಿದ ಅತ್ತೆಯ ಹಾಸಿಗೆಯನ್ನೂ, ಅಲ್ಲಿನ ಹಿರಿಯರು ಬದುಕಿರುವಾಗಲೇ ಸಿದ್ಧವಿಡುವ ಶವಪೆಟ್ಟಿಗೆಯ ಹಲಗೆಗಳನ್ನೂ ತನ್ನ ಮನೆಗೆ ಹೇರಿಕೊಂಡು ಬಂದ.