ಅವಳಿಯ ಕೈಯಳತೆ

ಮರ ಸದ್ದು ಬದಲಿಸಿತು — ಇಷ್ಟು ಹೊತ್ತು ಕರಕರ ಎನ್ನುತ್ತಿದ್ದದ್ದು ಈಗ ಸೊಯ್ಯೆನ್ನುತ್ತಿದೆ, ಅಂದರೆ ಅರದ ಗೆರೆಗಳೆಲ್ಲ ಹೋದವು, ಇನ್ನು ಗಾಜಿನ ಚೂರಿನಲ್ಲಿ ಕೆರೆದರೆ ಸಾಕು, ಆಮೇಲೆ ಉಪ್ಪುಕಾಗದ, ಗಾಜಿಗೇನು ಬರವೇ ಕಿನ್ಶಾಸದಲ್ಲಿ, ಪಕ್ಕದ ಬಾರಿನಲ್ಲಿ ವಾರಕ್ಕೊಂದು ಜಗಳ, ಜಗಳಕ್ಕೊಂದು ಕಿಟಕಿ, ನ್ಜುಜಿ ತಾನೇ ಬೆಳಿಗ್ಗೆ ಹೋಗಿ ಚೂರು ಆಯ್ದು ತರುತ್ತಾಳೆ, ಯಾರದೋ ಕುಡಿತ ಯಾರಿಗೋ ಅನ್ನ. ಕರೆಂಟು ಮುಂಜಾನೆಯೇ ಹೋಗಿದೆ, ಹೋಗಲಿ, ಗಿಟಾರಿನ ಕತ್ತಿಗೆ ಯಂತ್ರ ಹಚ್ಚುವವನು ಬಡಗಿಯಲ್ಲ ಕಟುಕ ಎಂದು ಅಪ್ಪ ಹೇಳುತ್ತಿದ್ದ, ಅಪ್ಪ ಹೇಳದೆ ಬಿಟ್ಟ ಮಾತಾದರೂ ಯಾವುದು. ಒಡಲಿನಿಂದ ಬಿಚ್ಚಿದ ಕತ್ತು ಅವಳ ಎರಡು ಮಂಡಿಗಳ ನಡುವೆ ಇದೆ, ಲಿಂಬಾ ಮರ, ಬೆಣ್ಣೆಯ ಬಣ್ಣ, ಇಪ್ಪತ್ತೆರಡು ವರ್ಷದ ಹಿಂದೆ ಅವಳೇ ಮಾಡಿದ್ದು, ಹಿಂಬದಿಯಲ್ಲಿ ಅವಳ ಜೊತೆಹುಟ್ಟು ನ್ಸಿಂಬನ ಹೆಬ್ಬೆರಳು ಉಜ್ಜಿ ಉಜ್ಜಿ ಮೆರುಗೆಣ್ಣೆ ಎಂದೋ ಹೋಗಿ ಉದ್ದಕ್ಕೆ ಒಂದು ಕಾಲುದಾರಿಯೇ ಬಿದ್ದಿತ್ತು, ಈಗ ಆ ದಾರಿಯೂ ಇಲ್ಲ, ಕೆರೆದುಹಾಕಿದ್ದಾಳೆ, ಪಾಪ ಅನಿಸಿತು, ಆದರೇನು, ಮತ್ತೆ ಬೀಳುತ್ತದೆ, ಅವನ ಬೆರಳಿಗೇನು ಸುಸ್ತೇ. ನಾಲ್ಕು ಸಲ ಕೆರೆ, ನಿಲ್ಲಿಸು, ಎಡಗೈಯಲ್ಲಿ ಹಿಡಿದು ನೋಡು, ಕಣ್ಣು ಮುಚ್ಚಿಕೋ — ಅಳತೆಗೋಲು ಗಿರಾಕಿಗಳಿಗೆ, ನ್ಸಿಂಬನಿಗೆ ಅವಳ ಕೈಯೇ ಅಳತೆ, ಒಂದೇ ಹೊಟ್ಟೆಯಲ್ಲಿ ಅಕ್ಕಪಕ್ಕ ಮಲಗಿದ್ದ ಕೈಗಳು, ಗರಗಸ ಹಿಡಿದು ಇವಳದು ಗಂಡಸಿನ ಕೈಯಾಯಿತು, ಕೆಲಸ ಮಾಡದೆ ಅವನದು ಹಾಗೇ ಉಳಿಯಿತು, ಹೀಗೆ ಇಬ್ಬರೂ ಸಮ ಎಂದು ಅವಳು ರೇಗಿಸುವುದು, ಅವನು ನಗುವುದು. ಎಲ್ಲ ಸಮ, ಅಮ್ಮನ ಕಟ್ಟಳೆ ಅದು, ಅವಳಿಗಳಲ್ಲಿ ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಬಿಟ್ಟ ಮಗು ಕಾಯಿಲೆ ಬೀಳುತ್ತದೆ, ಒಂದೇ ಥಾನಿನಿಂದ ಎರಡು ಅಂಗಿ, ಮೀನಿನ ತಲೆಯೂ ಎರಡು ಹೋಳು, ಅವನು ಕದ್ದರೆ ಏಟೂ ಇಬ್ಬರಿಗೂ, ಅಮ್ಮಾ ನಾನೇನು ಮಾಡಿದೆ, ನೀನೇನೂ ಮಾಡಿಲ್ಲ ಮಗಳೇ, ನಿನ್ನ ಪಾಲಿನದು ತಗೋ. ಅವನಿಗೆ ಜ್ವರ ಬಂದರೆ ಅಮ್ಮ ಇವಳ ಹಣೆ ಮುಟ್ಟಿ ನೋಡುತ್ತಿದ್ದಳು, ಬಿಸಿ ಇರುತ್ತಿತ್ತೋ ಇಲ್ಲವೋ, ಔಷಧಿ ಮಾತ್ರ ಇಬ್ಬರಿಗೂ.

ಸೋಮವಾರ ಅವನು ಬಂದು ಗಿಟಾರನ್ನು ಮೇಜಿನ ಮೇಲೆ ಇಟ್ಟ, ಕತ್ತು ಸ್ವಲ್ಪ ನೋಡಬೇಕಿತ್ತು ಕಣೇ, ಯಾಕೋ ಕೈಗೆ, ಎನ್ನುವಷ್ಟರಲ್ಲಿ ಇವಳು, ಗೊತ್ತು ಬಿಡೋ, ನಿನ್ನ ಕೈ ಕಥೆ ನನಗೆ ನೀನು ಹೇಳಬೇಕಾ, ಎಂದಳು, ಅವನು ನಿಂತ, ಏನೋ ಹೇಳುವವನಂತೆ, ಆಮೇಲೆ ಆಯ್ತು ಎಂದು ಹೋದ. ಅಂದೇ ಹಿಡಿದು ನೋಡಿದ್ದಳು, ಹೌದು, ದಪ್ಪವೇ, ಆಗ ಹಾಗೇ ಮಾಡುತ್ತಿದ್ದರು, ಈಗಿನ ಗಿಟಾರುಗಳ ಕತ್ತು ತೆಳು, ಬೆರಳು ಜಾರುತ್ತದೆ, ಓಡುತ್ತದೆ. ಓಡಲೇಬೇಕು, ಶನಿವಾರ ದೊಡ್ಡವರ ಮನೆಯ ಸೂತಕ ಕಳೆಯುವ ಊಟ, ಇಡೀ ಲೆಂಬಾ ಬಡಾವಣೆ ಕುಣಿಯಲು ಬರುತ್ತದೆ, ಹಾಡುವವರು ಬಾಯಿ ಮುಚ್ಚಿ ಗಿಟಾರೊಂದೇ ಓಡುವ ಆ ಸೆಬೆನ್ ಹೊತ್ತಿನಲ್ಲಿ ನ್ಸಿಂಬ ಎರಡು ಸಲ ಎಡವಿದ್ದಾನೆ ಕಳೆದ ತಿಂಗಳು, ತಂಡದ ಯಜಮಾನ ಮಕಿಯೆಸೆ ಬಾಯಿಬಿಟ್ಟು ಹೇಳಿದ್ದಾನೆ, ಇನ್ನೊಂದು ಸಲ ಹೀಗಾದರೆ ಹಿಂದೆ ಕೂತು ತಾಳಕ್ಕೆ ತಂತಿ ಹೊಡೀತಿರು, ಮುಂದಿನ ಜಾಗ ಬೇರೆಯವನಿಗೆ. ಮೂವತ್ತು ವರ್ಷ ಮುಂದೆ ನಿಂತವನಿಗೆ ಹಿಂದೆ ಕುರ್ಚಿ. ಅದಾಗಕೂಡದು, ಇನ್ನಷ್ಟು ಕೆರೆ, ಇಲ್ಲಿ, ಹೆಬ್ಬೆರಳು ಕೂರುವಲ್ಲಿ — ಬೆರಳಗೆಣ್ಣಿನಿಂದ ತಟ್ಟಿದಳು, ಸದ್ದು ತೆಳುವಾಗಿದೆ, ಒಳಗಿನ ಕಬ್ಬಿಣದ ಸರಳು ಹತ್ತಿರ, ಇನ್ನು ಒಂದು ಎಳೆ ಹೆಚ್ಚಾದರೂ ಮರ ಸೀಳುತ್ತದೆ, ಸಾಕು. ಉಪ್ಪುಕಾಗದ, ಮೊದಲು ಒರಟು, ಆಮೇಲೆ ನಯ, ಒದ್ದೆ ಬಟ್ಟೆಯಲ್ಲಿ ಒರೆಸು, ಎದ್ದ ನವಿರು ಒಣಗಲಿ, ಮತ್ತೆ ಉಜ್ಜು. ಈಗ ಹಿಡಿದರೆ ಆಹಾ, ಮರ ಎಲ್ಲಿ ಮುಗಿಯಿತು ಕೈ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ, ಇಷ್ಟು ಚೆನ್ನಾಗಿ ಅವಳು ಯಾರಿಗೂ ಮಾಡಿಲ್ಲ, ಸಂತೋಷವಾಯಿತು, ಒಳಗೆಲ್ಲ ತಣ್ಣಗಾಯಿತು, ಮೂಟೆಯಷ್ಟು ಬ್ರೆಡ್ಡು ತಲೆ ಮೇಲೆ ಹೊತ್ತ ಹೆಂಗಸು ಕೂಗುತ್ತ ಹೋದಳು, ಒಂದು ತಗೊಂಡು ಎರಡು ಹೋಳು ಮಾಡಬೇಕು, ಅವನು ಬರುವ ಹೊತ್ತು.

ಬಂದ. ಮುಕ್ಕಾಲಿ ಎಳೆದು ಕೂತ, ಕೊಟ್ಟಳು, ಅವನು ಮೊದಲು ಬಲಗೈಯಲ್ಲಿ ತಗೊಂಡ, ಉದ್ದಕ್ಕೆ ಸವರಿದ. ಆಮೇಲೆ ಎಡಗೈ. ಹೆಬ್ಬೆರಳು ಹಿಂದೆ ನಿಂತಿತು, ಬುಡದಲ್ಲಿ ಊದಿದ ಗೆಣ್ಣು, ಅದು ಯಾವಾಗ ಊದಿತು, ನಾಲ್ಕು ಬೆರಳು ಸುತ್ತಿ ಬಂದವು, ಅರ್ಧಕ್ಕೆ ನಿಂತವು, ಅಂಗೈ ಮರಕ್ಕೆ ತಾಗಲಿಲ್ಲ, ನಡುವೆ ಸಂದು, ಸಂದಿನಲ್ಲಿ ಆಚೆ ಬೀದಿಯ ಬಿಸಿಲು. ಒತ್ತಿ ಹಿಡಿಯೋ, ಎಂದಳು. ಅವನು ಇನ್ನೊಂದು ಕೈಯಿಂದ ಆ ಬೆರಳುಗಳನ್ನು ಒತ್ತಿದ, ಬಿಟ್ಟ, ಅವು ಎದ್ದು ಮೊದಲಿನಷ್ಟಕ್ಕೇ ನಿಂತವು. ಇಷ್ಟೇ ಮುಚ್ಚೋದು ಕಣೇ, ಕಳೆದ ಮಳೆಗಾಲದಿಂದ. ಮತ್ತೆ ಹೇಳೋಕೇನಾಗಿತ್ತು ನಿನಗೆ. ಹೇಳೋಕೇ ಬಂದಿದ್ದೆ, ಕತ್ತು ಒಂಚೂರು ದಪ್ಪ ಮಾಡಿಕೊಡು, ಕೈ ತುಂಬ ಸಿಗೋ ಹಾಗೆ ಅಂತ, ನೀನು ಗೊತ್ತು ಬಿಡು ಅಂದೆ, ನಾನೂ ನಂಬಿದೆ, ನಿನಗೆ ಗೊತ್ತಿರುತ್ತೆ ಅಂತ. ಸಿಟ್ಟಿಲ್ಲ ಅವನ ದನಿಯಲ್ಲಿ, ಇದ್ದಿದ್ದರೆ ಒಳ್ಳೆಯದಿತ್ತು. ಎರಡು ಕೈಯಲ್ಲಿ ಚಹಾ ಲೋಟ ಹಿಡಿಯುತ್ತಿದ್ದ, ಹೌದು, ಅಂಗಿಯ ಗುಂಡಿ ಹಾಕಿಕೊಳ್ಳದೆ ಬರುತ್ತಿದ್ದ, ವಯಸ್ಸಾದ ಮೇಲಿನ ಸೋಗು ಎಂದು ಇವಳೇ ಆಡಿಕೊಂಡಿದ್ದಳು, ಹಿಂಬದಿಗೆ ಮರದ ಪಟ್ಟಿ ಅಂಟಿಸಬಹುದು, ಇವತ್ತು ಗುರುವಾರ, ಈ ಸೆಕೆಯಲ್ಲಿ ಅಂಟು ಒಣಗಲು ನಾಲ್ಕು ದಿನ, ಹೊಸ ಕತ್ತಿಗೆ ತಿಂಗಳು, ಶನಿವಾರ ನಾಡಿದ್ದು, ಕೆತ್ತಿದ್ದನ್ನು ಮರಳಿ ಮರ ಮಾಡಲು ಬರುವುದಿಲ್ಲ. ಹಿಂದಿನ ಕುರ್ಚಿಯೇನು ಕೆಟ್ಟದಲ್ಲ, ಕಾಲಾದರೂ ನೋಯಲ್ಲ, ಎಂದ ಅವನು. ಅವಳು ತನ್ನ ಎಡಗೈ ಮುಚ್ಚಿದಳು, ತೆರೆದಳು, ಮುಚ್ಚಿದಳು, ಎಲ್ಲೋ ಒಂದಿಷ್ಟಾದರೂ ನೋಯಬೇಕು, ಹುಡುಕಿದಳು, ಏನೂ ಇಲ್ಲ, ಸಲೀಸಾಗಿ ಮುಚ್ಚುತ್ತದೆ. ಹಾಗೇ ಹಿಡಿದಿರೋ, ಬಿಡಬೇಡ, ಎಂದಳು, ಹತ್ತಿರ ಬಗ್ಗಿದಳು, ಅವನ ಅಂಗೈಗೂ ಮರಕ್ಕೂ ನಡುವಿನ ಆ ಸಂದು, ತೋರುಬೆರಳು ಇಟ್ಟಳು, ಒಳಗೆ ಹೋಯಿತು, ಎರಡನೆಯ ಗೆಣ್ಣಿನವರೆಗೆ ಹೋಯಿತು, ಯಾವ ಕಡೆಯೂ ತಾಗಲಿಲ್ಲ, ಆ ಸಂದು — ತೆಗೆದು ಮತ್ತೆ ಇಟ್ಟಳು, ಎಲ್ಲೂ ತಾಗಲಿಲ್ಲ, ಅವಳ ಕೈಯಳತೆಗೆ ಸಿಗದ ಆ ಸಂದು.