ಬೇಲಿಯ ಮೇಲಿನ ಎಡಗೈ

ನಮ್ಮ ದೊಡ್ಡಮ್ಮ ಎಲ್ಲಿ ನಡೆದರೂ ಎಡಗೈಯ ಬೆರಳುಗಳನ್ನು ಪಕ್ಕದ ಗೋಡೆಗೆ ತಾಗಿಸಿಕೊಂಡೇ ನಡೆಯುತ್ತಾಳೆ. ಆಸ್ಪತ್ರೆಯ ಮೊಗಸಾಲೆಯಾಗಲಿ, ನನ್ನ ಫ್ಲ್ಯಾಟಿನ ಇಕ್ಕಟ್ಟಾದ ನಡುಹಾದಿಯಾಗಲಿ, ಆ ಕೈ ಸವರುತ್ತಲೇ ಸಾಗುತ್ತದೆ. ಪಾಪ, ಕಣ್ಣು ಮಂಜಾಗಿದೆಯೇನೋ ಎಂದು ನೋಡಿದವರು ಮರುಗುತ್ತಾರೆ. ಕಣ್ಣು ಚೆನ್ನಾಗಿಯೇ ಇದೆ. ಅಳಿದುಹೋಗುತ್ತಿರುವ ಪುಟ್ಟ ಪ್ರಾಣಿಗಳಿಗೆಂದು ಕಟ್ಟಿದ ಅಭಯಾರಣ್ಯದ ಏಳು ಕಿಲೋಮೀಟರ್ ತಂತಿಬೇಲಿಯನ್ನು ಇಪ್ಪತ್ತಾರು ವರ್ಷ ದಿನವೂ ಬೆಳಗ್ಗೆ ಸುತ್ತಿದ ಕೈ ಅದು. ಜಾಲರಿಯ ಒಂದು ಎಳೆ ಸಡಿಲಗೊಂಡರೂ ಅವಳ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.

ಬೇಲಿಯ ಒಳಗಿದ್ದದ್ದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ, ಉದ್ದ ಕಿವಿಯ, ಈ ನೆಲವನ್ನು ಬಿಟ್ಟರೆ ಬೇರೆಲ್ಲೂ ಹುಟ್ಟದ ಪ್ರಾಣಿ. ಜನ ಸಾಕಿ ಬಿಟ್ಟ ಬೆಕ್ಕುಗಳು ಕಾಡು ಹೊಕ್ಕು ಅವುಗಳ ಕುಲವನ್ನೇ ಒರೆಸಿಹಾಕಿದ ಮೇಲೆ ಉಳಿದದ್ದು ಎಂಬತ್ತು ಮಾತ್ರ. ಬಾಣಂತನ ಮುಗಿಸಿಕೊಂಡು ಅವಳ ಕ್ವಾರ್ಟರ್ಸಿಗೆ ಹೋಗಿದ್ದಾಗ ನಾನೇ ಕೇಳಿದ್ದೆ, “ಇಷ್ಟೆಲ್ಲಾ ಮಾಡೋದು ಒಂದು ಇಲಿಗಾ ದೊಡ್ಡಮ್ಮಾ?”

ಅವಳು ನನ್ನ ಮಡಿಲಲ್ಲಿದ್ದ ಮಗಳನ್ನೊಮ್ಮೆ ನೋಡಿದಳು. “ಹೂಂ ಕಣೆ, ಇಲಿಗೇ ಅಂದ್ಕೊ. ಅದೂ ನಿನ್ನ ಹಾಗೇ ಹಾಲು ಕುಡಿಸಿ ಮಕ್ಕಳನ್ನ ಸಾಕುತ್ತೆ. ನಿನ್ನಷ್ಟು ಗೋಳಾಡಲ್ಲ, ಅಷ್ಟೇ.”

ಬೇಸಗೆಯಲ್ಲೂ ಬಿಚ್ಚದ ಅವಳ ಖಾಕಿ ಕೋಟಿನ ಜೇಬುಗಳ ತುಂಬ ತಂತಿಯ ಚೂರು. ಒಮ್ಮೆ ಅದನ್ನು ಒಗೆಯಲು ಹಾಕಿ ನನ್ನ ವಾಷಿಂಗ್ ಮೆಷಿನ್ನು ಕೆಟ್ಟಿತು. ಮಗು ಎಲ್ಲಿ ಬಾಯಿಗೆ ಹಾಕಿಕೊಳ್ಳುತ್ತದೋ ಎಂದು ಮೂರು ದಿನ ನೆಲ ಗುಡಿಸಿದೆ. ಬೇಲಿಗೆ ಎರಡು ಬಾಗಿಲು. ಹೊರಗಿನದು ಮುಚ್ಚದೆ ಒಳಗಿನದು ತೆರೆಯಬಾರದು. ನಡುವೆ ಸಿಕ್ಕಿಕೊಂಡು ಮಗಳು ಚೀರಿ ಚೀರಿ ಅಳುತ್ತಿದ್ದರೂ, ಅಗುಳಿ ಬಿದ್ದ ಸದ್ದು ಕೇಳುವ ತನಕ ಈ ಹೆಂಗಸು ಕೀಲಿಕೈ ತಿರುಗಿಸಲಿಲ್ಲ. ಅಂದು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಈಗ ನನ್ನ ಸಿಟ್ಟೆಲ್ಲ ಆ ಮರದ ಮೇಲೆ.

ಒಂಬತ್ತು ವರ್ಷದ ಹಿಂದೆ, ಪರಿಸರ ದಿನಾಚರಣೆಯೆಂದು ದೊಡ್ಡ ಅಧಿಕಾರಿಯೊಬ್ಬರು ಬಂದು, ಫೋಟೊದಲ್ಲಿ ಹಿನ್ನೆಲೆಗೆ ಬೇಲಿ ಕಾಣಲೆಂದು, ಅದರ ಹೊರಗೆ ಮೂರೇ ಅಡಿ ದೂರದಲ್ಲಿ ಒಂದು ಸಸಿ ನೆಟ್ಟರು. ಬೆಕ್ಕು ಹತ್ತಿದರೆ ಓಲಾಡಿ ಹಿಂದಕ್ಕೆ ಕೆಡವಲೆಂದೇ ನೆತ್ತಿಯನ್ನು ಹೊರಕ್ಕೆ ಬಾಗಿಸಿದ ಬೇಲಿ ಅದು. ದೊಡ್ಡಮ್ಮ ಅಲ್ಲೇ ಹೇಳಿದಳು, “ಸಾರ್, ಇದು ನಾಳೆ ಬೆಕ್ಕಿಗೆ ಏಣಿ ಆಗುತ್ತೆ.”

“ಮೊದಲು ಬದುಕಲಿ ಬಿಡಮ್ಮಾ,” ಎಂದರು. ಎಲ್ಲರೂ ನಕ್ಕರು.

ಬದುಕದೆ ಏನು! ಹೆಸರು ಕೆತ್ತಿದ ಕಲ್ಲು, ನೀರುಣಿಸಲು ಪ್ರತ್ಯೇಕ ಮಾಲಿ, ರಾಜೋಪಚಾರ. ಎಂಬತ್ತು ಜೀವಗಳ ಬೇಲಿಗೆ ಹೊಸ ಜಾಲರಿ ಕೇಳಿದರೆ ಮಾತ್ರ ಮುಂದಿನ ವರ್ಷ ನೋಡೋಣ. ಕೊಂಬೆ ಕಡಿಯಲು ಅನುಮತಿ ಕೋರಿ ಅವಳು ವರ್ಷಕ್ಕೊಂದರಂತೆ ಪತ್ರ ಬರೆದಳು. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಎಂಟು ಸಲ ಬಂತು. ಒಂಬತ್ತನೆಯ ಪತ್ರಕ್ಕೆ ಉತ್ತರ ಕೊಟ್ಟದ್ದು ಬೆಕ್ಕು.

ಒಂದು ಬೆಳಗ್ಗೆ ಕಾಂಡದ ಮೇಲೆ ಹಸಿ ಉಗುರುಗೆರೆಗಳನ್ನು ಕಂಡು ಅವಳು ಒಳಗೆ ಓಡಿದಳು. ಬಿಲಗಳ ಬಾಯಲ್ಲಿ ಮೂವತ್ತೊಂದು ಹೆಣ. ಹಸಿವಿಗೆ ತಿಂದದ್ದಲ್ಲ, ಸುಮ್ಮನೆ ಕೊಂದು ಎಸೆದದ್ದು. ಆರು ಬಿಲಗಳಲ್ಲಿ ಕಣ್ಣು ಬಿಡದ ಮರಿಗಳು ತಾಯಿಗಾಗಿ ತಡಕಾಡುತ್ತಿದ್ದವು. ಬೋನಿಟ್ಟು ಬೆಕ್ಕನ್ನು ಹಿಡಿದಾಯಿತು. ಮರಿಗಳು ಮಾತ್ರ ಹನಿಹನಿಯಾಗಿ ಹಾಲು ಬಿಟ್ಟರೂ ಎರಡು ದಿನದಲ್ಲಿ ಒಂದೊಂದಾಗಿ ತಣ್ಣಗಾದವು. ಕೊನೆಯದನ್ನು ಹೂತ ಮಧ್ಯಾಹ್ನ ಅವಳು ಕೈಗರಗಸ ಹಿಡಿದು ಹೋಗಿ, ಯಾರನ್ನೂ ಕೇಳದೆ, ಮರವನ್ನು ಬುಡಕ್ಕೆ ಕೊಯ್ದಳು.

ವಿಚಾರಣೆ ನಡೆಯಿತು: ಮೂವತ್ತೊಂದು ಸಾವಿನ ಬಗ್ಗೆಯಲ್ಲ, ಒಂದು ಮರದ ಬಗ್ಗೆ. ಅವಳ ಒಂಬತ್ತು ಪತ್ರಗಳೂ ಮೇಜಿನ ಮೇಲಿದ್ದವು, ಯಾರೂ ಮುಟ್ಟಲಿಲ್ಲ.

“ಗಣ್ಯರು ನೆಟ್ಟ ಮರ ಕಡಿದಿದ್ದು ತಪ್ಪು ಅಂತ ಒಪ್ಕೋತೀರಾ?”

“ಒಪ್ಕೋತೀನಿ ಸಾರ್. ತಪ್ಪೇ. ಒಂಬತ್ತು ವರ್ಷ ತಡ ಮಾಡಿಬಿಟ್ಟೆ.”

ಅವಳನ್ನು ಕಡತಗಳ ಕೋಣೆಗೆ ಎತ್ತಿಹಾಕಿದರು. ಬೇಲಿ ನೋಡಲು ವಾರಕ್ಕೊಮ್ಮೆ ಗುತ್ತಿಗೆಯವನೊಬ್ಬ ಬೈಕಿನಲ್ಲಿ ಸುತ್ತು ಹಾಕುತ್ತಾನಂತೆ. ಉಳಿದ ಪ್ರಾಣಿಗಳು ಎಷ್ಟು ದಿನವೋ ಎಂದು ನಾನು ಕೇಳಿದರೆ ದೊಡ್ಡಮ್ಮ ಎದ್ದು ಕಡತಗಳ ಸಾಲಿನ ನಡುವೆ ನಡೆಯತೊಡಗುತ್ತಾಳೆ. ಎಡಗೈ ಕಪಾಟುಗಳ ಕಬ್ಬಿಣವನ್ನು ಸವರುತ್ತ, ಇಲ್ಲದ ತೂತನ್ನು ಹುಡುಕುತ್ತದೆ.

ಇಂಥವರನ್ನು ನಾವು ಹಟಮಾರಿಗಳು, ಮೂಗಿನ ತುದಿಯಲ್ಲಿ ಕೋಪ ಎಂದೆಲ್ಲ ಆಡಿಕೊಳ್ಳುತ್ತೇವೆ. ಅವರ ಕೆಲಸ ಸರಿಯಾಗಿ ನಡೆದ ದಿನ ಬೇರೇನೂ ನಡೆಯುವುದೇ ಇಲ್ಲ. ಏನೂ ನಡೆಯದ ದಿನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಯಾರು ತಾನೇ ಬರುತ್ತಾರೆ? ಬರುವುದೂ ಬೇಡ. ಬಂದವರು ಇನ್ನೊಂದು ಸಸಿ ನೆಟ್ಟು ಹೋಗುತ್ತಾರೆ.